ನಡುಮನೆಯ ರೆಕ್ಕೆ

ಮಳವಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದವರೆಲ್ಲ ನಡುಮನೆಯಲ್ಲಿ ಬಗ್ಗಿ ನಡೆಯಬೇಕಿತ್ತು. ಅಲ್ಲಿ ಜಂತೆಗೆ ಕಟ್ಟಿದ ನಾಲ್ಕು ಹಗ್ಗಗಳಲ್ಲಿ ಒಂದು ವಿಮಾನದ ರೆಕ್ಕೆ ತೂಗುತ್ತಿತ್ತು. ಹನ್ನೆರಡು ಅಡಿ ಉದ್ದ, ಬುಡದಲ್ಲಿ ನಾಲ್ಕಡಿ ಅಗಲ. ಬುಡ ಬೀದಿಬಾಗಿಲ ಪಕ್ಕದ ಗೋಡೆಗೆ ಆತುಕೊಂಡಿದ್ದರೆ, ಕಿರಿದಾಗುತ್ತ ಹೋದ ತುದಿ ಅಡಿಗೆಮನೆಯ ಬಾಗಿಲು ದಾಟಿ ಒಲೆಯ ಕಡೆಗೆ ಒಂದು ಮೊಳ ಚಾಚಿಕೊಂಡಿತ್ತು. ಅವ್ವ ಮುದ್ದೆ ಕಟ್ಟಿ ಎದ್ದಾಗಲೆಲ್ಲ ಅದು ಅವಳ ಹೆಗಲಿಗೆ ಬಡಿಯುತ್ತಿತ್ತು. ಅಪ್ಪ, ಅವ್ವ, ಅಕ್ಕ ರತ್ನ, ನಾನು, ನಾಲ್ವರೂ ಊಟಕ್ಕೆ ಕೂರುತ್ತಿದ್ದದ್ದು ಅದರ ಕೆಳಗೆ, ಮಲಗುತ್ತಿದ್ದದ್ದೂ ಅದರ ಕೆಳಗೇ. ನಮ್ಮ ಉಪ್ಸಾರಿನ ವಾಸನೆಯಲ್ಲಿ ಯಾವಾಗಲೂ ಬಡಗಿಗಳು ಬಳಸುವ ವಜ್ರದ ಅಂಟಿನ ವಾಸನೆ ಬೆರೆತಿರುತ್ತಿತ್ತು. ಮೂಳೆ ಚರ್ಮ ಬೇಯಿಸಿ ಮಾಡುವ ಆ ಅಂಟನ್ನು ಅವ್ವ ತನ್ನ ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ಅಪ್ಪ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೇ ಡಬ್ಬದಲ್ಲಿ ಅದನ್ನು ಕಾಯಿಸಿ, ಆರುವ ಮುಂಚೆ ಓಡೋಡಿ ಒಳಗೆ ತರುತ್ತಿದ್ದ.

ಆ ರೆಕ್ಕೆ ಆ ಮನೆಯಿಂದ ಹೋದದ್ದು ನನ್ನಿಂದ. ನನ್ನ ಬಾಲ್ಯದ ಬಗ್ಗೆ ಯಾರಾದರೂ ಕೇಳಿದರೆ ನಾನು ಮಾರೇಹಳ್ಳಿ ಕೆರೆಯ ಬಗ್ಗೆ ಹೇಳುತ್ತೇನೆ, ಅವ್ವನ ಹುರುಳಿ ಬಸ್ಸಾರಿನ ಬಗ್ಗೆ ಹೇಳುತ್ತೇನೆ. ರೆಕ್ಕೆಯ ಬಗ್ಗೆ ಹೇಳುವುದಿಲ್ಲ. ನನ್ನ ಗಂಡನಿಗೂ ಮಕ್ಕಳಿಗೂ ಅದು ಗೊತ್ತಿಲ್ಲ. ಈಗ ಬರೆಯುತ್ತಿರುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅಪ್ಪ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರು. ಹುಡುಗರಿಗೆ ಮರಗೆಲಸ ಕಲಿಸುತ್ತಿದ್ದ. ಹೆಸರು ಚಿಕ್ಕೇಗೌಡ, ಹುಟ್ಟಿದ್ದು ನಿಡಘಟ್ಟದಲ್ಲಿ, ಬೇಸಾಯದ ಮನೆಯಲ್ಲಿ. ಗೌಡರ ಮಗ ಉಳಿ ಹಿಡಿದದ್ದಕ್ಕೆ ನಮ್ಮ ತಾತ ಬಹಳ ದಿನ ಮಾತು ಬಿಟ್ಟಿದ್ದನಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಅಪ್ಪ ಎಂಟು ವರ್ಷದ ಹುಡುಗನಾಗಿದ್ದಾಗ, ನಿಡಘಟ್ಟದ ಹತ್ತಿರ ಕುಯ್ದು ಖಾಲಿಯಾಗಿದ್ದ ರಾಗಿ ಹೊಲದಲ್ಲಿ ಒಂದು ಪುಟ್ಟ ವಿಮಾನ ಇಳಿದಿತ್ತು. ಏನೋ ಕೆಟ್ಟು ಇಳಿದದ್ದು. ಊರಿಗೆ ಊರೇ ದೂರದಲ್ಲಿ ನಿಂತು ನೋಡುತ್ತಿದ್ದಾಗ ಅಪ್ಪ ಮಾತ್ರ ನುಸುಳಿ ಹೋಗಿ ರೆಕ್ಕೆ ಮುಟ್ಟಿ ಬಂದನಂತೆ. ಈ ಕತೆಯನ್ನು ಅವನು ನೂರು ಸಲವಾದರೂ ಹೇಳಿದ್ದಾನೆ, ಪ್ರತಿ ಸಲವೂ ಬೆರಳು ಚಾಚಿ ಗಾಳಿಯಲ್ಲಿ ಒತ್ತಿ ತೋರಿಸುತ್ತ:

"ತಗಡು ಅನ್ಕಂಡಿದ್ದೆ ಕಣಮ್ಮಿ. ಬಟ್ಟೆ! ಬೆರಳಲ್ಲಿ ಒತ್ತುದ್ರೆ ತಮಟೆಯಂಗೆ ಡಬ್ ಅಂತು. ಬಟ್ಟೆ, ಮರ, ಅಂಟು. ಇವೆಲ್ಲ ನಮ್ಮೂರ್ ಆಚಾರಿ ಅಟ್ಟೀಲೂ ಇದ್ದೋ. ಅವತ್ತೇ ಅನ್ಕಂಡೆ, ಇದ ಮನ್ಸ ಮಾಡಿರಾದು, ನಾನೂ ಮಾಡ್ಬೋದು ಅಂತ."

ಆ ಆಸೆಯನ್ನು ಅವನು ಮೂವತ್ತು ವರ್ಷ ಒಳಗಿಟ್ಟುಕೊಂಡಿದ್ದ. ಅದಕ್ಕೆ ಕಾಗದದ ರೂಪ ಸಿಕ್ಕಿದ್ದು ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಒಬ್ಬ ವಿಜ್ಞಾನಿಯಿಂದ. ಅವರ ಮಗುವಿಗೆ ಅಪ್ಪ ಒಂದು ತೊಟ್ಟಿಲು ಮಾಡಿಕೊಟ್ಟಿದ್ದ. ಅವರು ಹೊರದೇಶಕ್ಕೆ ಓದಲು ಹೋಗಿ ಬರುವಾಗ, ಮನೆಯಲ್ಲೇ ಕಟ್ಟಬಹುದಾದ ಒಬ್ಬರು ಕೂರುವ ವಿಮಾನದ ನಕ್ಷೆಗಳ ಸುರುಳಿಯೊಂದನ್ನು ಅಪ್ಪನಿಗೆಂದೇ ತಂದರು. ಅಪ್ಪನಿಗೆ ಗೆರೆ ಅರ್ಥವಾಗುತ್ತಿತ್ತು, ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ. ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಸಂಜೆ ಜಗುಲಿಯ ಮೇಲೆ ನಕ್ಷೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ನಾನು ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪದ ಹುಡುಕಿ ಹೇಳುತ್ತಿದ್ದೆ. ರೆಕ್ಕೆಯ ಉದ್ದಕ್ಕೂ ಓಡುವ ದಪ್ಪ ಮರಕ್ಕೆ ತೊಲೆ ಎಂದೆವು. ಅದಕ್ಕೆ ಅಡ್ಡಡ್ಡ ಸಿಕ್ಕಿಸುವ ಬಾಗಿದ ಪಟ್ಟಿಗಳಿಗೆ ನಕ್ಷೆಯಲ್ಲಿ ರಿಬ್ ಎಂದು ಬರೆದಿತ್ತು. ಡಿಕ್ಷನರಿ ನೋಡಿ ನಾನು ಪಕ್ಕೆಲುಬು ಎಂದೆ. ಅಪ್ಪ ನಕ್ಕು ನನ್ನ ಪಕ್ಕೆಗೆ ತಿವಿದು, "ಸರಿಯಾಗ್ ಏಳ್ದೆ ಬುಡು" ಎಂದ. ಆವತ್ತಿನಿಂದ ನಮ್ಮ ಮನೆಯಲ್ಲಿ ಅವು ಪಕ್ಕೆಲುಬುಗಳೇ. ಆ ಎರಡು ವರ್ಷ ನಾನು ಅಪ್ಪನ ಹೆಮ್ಮೆಯನ್ನು ನನ್ನದೂ ಮಾಡಿಕೊಂಡಿದ್ದೆ ಎಂದು ಹೇಳದಿದ್ದರೆ ಮುಂದಿನದು ಪೂರ್ತಿ ನಿಜವಾಗುವುದಿಲ್ಲ.

ಮಂಡ್ಯಕ್ಕೆ ಯಂತ್ರಗಳು ಬರುತ್ತಿದ್ದ ದೊಡ್ಡ ಪೆಟ್ಟಿಗೆಗಳ ಹಲಗೆಯನ್ನು ಅಪ್ಪ ಹುಡುಕಿ ತರುತ್ತಿದ್ದ. ಹಗುರವಾದ ಬಿಳಿ ಮರ. ಗಂಟಿಲ್ಲದ ಒಂದೊಂದು ತುಂಡಿಗಾಗಿ ಹತ್ತು ಹಲಗೆ ತಿರುವಿ ಹಾಕುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಎಡಗಡೆಯ ರೆಕ್ಕೆಯ ಎಲುಬುಗೂಡು ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಬಟ್ಟೆ ಹೊಲಿದದ್ದು ಅವ್ವ. ದಿನ ಬೆಳಗಾದರೆ ಬೈಯುತ್ತಿದ್ದವಳೇ ತನ್ನ ಕೈಮಿಷನ್ನಿನಲ್ಲಿ ಹನ್ನೆರಡಡಿಯ ಗವಸು ಹೊಲಿದು, ಪ್ರತಿ ಪಕ್ಕೆಲುಬಿಗೂ ದಾರ ಸುತ್ತಿ ಬಿಗಿದಳು. ಬೈಗುಳವೂ ಹೊಲಿಗೆಯೂ ಒಟ್ಟಿಗೇ ನಡೆಯುತ್ತಿದ್ದವು.

"ಊರೋರ್ ಗಂಡಂದ್ರು ಎಮ್ಮೆ ಕಟ್ತಾರೆ, ಹಟ್ಟಿ ಕಟ್ತಾರೆ. ನನ್ ಗಂಡ ಇಮಾನ ಕಟ್ತಾವ್ನೆ. ಎಲ್ಲಿಗ್ ಓದೀರಿ ಅದ್ರಲ್ಲಿ? ಬಸ್ಸಿಲ್ವಾ?"

"ಎಲ್ಲಿಗೂ ಓಗಕಲ್ಲ ಕಣೆ. ಮೇಲಿಂದ ನಮ್ಮಟ್ಟಿ ಎಂಗ್ ಕಾಣ್ತದೆ ಅಂತ ಒಂದ್ಸತಿ ನೋಡಾನ ಅಂತ."

"ನಮ್ಮಟ್ಟಿ ಕೆಳಗಿಂದ್ಲೇ ನೆಟ್ಗಿಲ್ಲ. ಮೇಲಿಂದ ಏನ್ ನೋಡೀರಿ?"

ಆಯುಧಪೂಜೆಯ ದಿನ ಬೇರೆ ಮನೆಗಳಲ್ಲಿ ಸೈಕಲ್ಲು, ನೇಗಿಲು, ಕುಡುಗೋಲಿಗೆ ಕುಂಕುಮ ಇಟ್ಟರೆ ನಮ್ಮಲ್ಲಿ ರೆಕ್ಕೆಗೆ ಚೆಂಡುಹೂವಿನ ಸರ. ಅಕ್ಕಪಕ್ಕದವರು ಪುರಿ ತಿನ್ನಲು ಬಂದು, ಬಗ್ಗಿ ನೋಡಿ, ಬಾಯಿಗೆ ಸೆರಗು ಹಿಡಿದುಕೊಂಡು ಹೋಗುತ್ತಿದ್ದರು. ಅವರು ನಗುತ್ತಿದ್ದಾರೆಂದು ನನಗೆ ಗೊತ್ತಾದದ್ದು ಹೈಸ್ಕೂಲಿಗೆ ಸೇರಿದ ಮೇಲೆ. ಅಪ್ಪ ಪಾಠ ಮಾಡುತ್ತಿದ್ದ ಸ್ಕೂಲೇ ಅದು. ಎಂಟನೇ ಕ್ಲಾಸಿಗೆ ಕಾಲಿಟ್ಟ ವಾರದಲ್ಲೇ ನನ್ನ ಹೆಸರು ಸುನಂದ ಹೋಗಿ ರೆಕ್ಕೆ ಆಯಿತು. ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಯಾರೋ ತುಟಿಯಲ್ಲಿ ಬುರ್ ಎಂದು ಸದ್ದು ಮಾಡುತ್ತಿದ್ದರು. ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಒಂದು ದಿನ ಲೆಕ್ಕದ ಮೇಷ್ಟ್ರು, ನಾನು ತಪ್ಪು ಉತ್ತರ ಹೇಳಿದಾಗ, ಸೀಮೆಸುಣ್ಣ ಕೆಳಗಿಟ್ಟು ಕೇಳಿದರು:

"ಅಲ್ಲಮ್ಮ, ಕೂಡೋ ಲೆಕ್ಕಾನೇ ಬರ್ದಿದ್ರೆ ನಿಮ್ಮಪ್ಪನ ಇಮಾನ ಓಡ್ಸೋರ್ ಯಾರು? ನಂಗೊಂದು ಸೀಟ್ ಇಡ್ಸಿದೀಯ ತಾನೆ?"

ಇಡೀ ಕ್ಲಾಸು ನಕ್ಕಿತು. ಅದೇ ಹೊತ್ತಿಗೆ ಅಪ್ಪ ಕೈಯಲ್ಲಿ ಅಳತೆಪಟ್ಟಿ ಹಿಡಿದು ವರಾಂಡದಲ್ಲಿ ಹೋಗುತ್ತಿದ್ದವನು, ಮಕ್ಕಳು ಖುಷಿಯಾಗಿದ್ದಾರೆಂದು ತಿಳಿದು, ಕಿಟಕಿಯಲ್ಲಿ ಇಣುಕಿ ತಾನೂ ನಕ್ಕು ಕೈಯೆತ್ತಿದ. ನಾನು ಮುಖ ತಿರುಗಿಸಿದೆ. ಆವತ್ತಿನಿಂದ ಅವನ ಜೊತೆ ಸ್ಕೂಲಿಗೆ ಹೋಗುವುದು ಬಿಟ್ಟೆ. ಸಂಜೆ ನಕ್ಷೆ ಹಾಸಿದಾಗ, ಓದಿಕೊಳ್ಳುವುದಿದೆ ಎಂದು ಒಳಗಿರುತ್ತಿದ್ದೆ. ಅವನು ಡಿಕ್ಷನರಿಯನ್ನು ತಾನೇ ಎತ್ತಿಕೊಂಡು, ಒಂದು ಪದಕ್ಕೆ ಕಾಲು ಗಂಟೆ ಹುಡುಕುತ್ತಿದ್ದ.

ಅಕ್ಕನನ್ನು ನೋಡಲು ಬಸರಾಳಿನಿಂದ ಗಂಡಿನವರು ಬಂದದ್ದು ಮರುವರ್ಷ. ಹುಡುಗ ಮೇಷ್ಟ್ರ ಟ್ರೈನಿಂಗ್ ಮುಗಿಸಿದ್ದ. ಅಕ್ಕ ಮಂಡ್ಯದಲ್ಲಿ ಯಾವುದೋ ಮದುವೆಯಲ್ಲಿ ಅವನನ್ನು ಒಮ್ಮೆ ನೋಡಿದ್ದಳು, ಒಪ್ಪಿದ್ದಳು ಕೂಡ. ಬಾಯಿಬಿಟ್ಟು ಹೇಳದಿದ್ದರೂ ನನಗೆ ಗೊತ್ತಿತ್ತು. ಏಕೆಂದರೆ ಆ ವಾರವೆಲ್ಲ ಅವಳು ಕೇಳದೆಯೇ ನನ್ನ ಜಡೆ ಹಾಕುತ್ತಿದ್ದಳು. ಅವ್ವ ಅಪ್ಪನಿಗೆ ಒಂದೇ ಒಂದು ಮಾತು ಕೇಳಿಕೊಂಡಿದ್ದಳು, ಆ ಒಂದು ದಿನ ರೆಕ್ಕೆಯನ್ನು ಇಳಿಸಿ ಸ್ಕೂಲಿನ ಮರಗೆಲಸದ ಕೋಣೆಯಲ್ಲಿ ಇಡಿ ಎಂದು. ಬಟ್ಟೆ ಬಿಗಿಯಾಗಲೆಂದು ಹಚ್ಚಿದ್ದ ಗಂಜಿಸರಿ ಆಗಷ್ಟೇ ಒಣಗುತ್ತಿತ್ತು. ಈಗ ಅಲ್ಲಾಡಿಸಿದರೆ ಸುಕ್ಕಾಗುತ್ತದೆ, ಮೂರು ದಿನ ಮುಟ್ಟುವಂತಿಲ್ಲ ಎಂದು ಅಪ್ಪ ಹಟ ಹಿಡಿದ. ಕೊನೆಗೆ ಅದರ ಮೇಲೆ ಎರಡು ಜಮಖಾನ ಹೊದಿಸಿ, ಸುತ್ತ ಅವ್ವನ ಸೀರೆಗಳನ್ನು ಇಳಿಬಿಟ್ಟರು. ನಡುಮನೆ ನಾಟಕಕ್ಕೆ ಪರದೆ ಕಟ್ಟಿದಂತೆ ಕಾಣುತ್ತಿತ್ತು.

ಆರು ಜನ ಬಂದರು. ಹುಡುಗನ ದೊಡ್ಡಪ್ಪ ಎತ್ತರದ ಆಳು. ಬಗ್ಗಿ ಬನ್ನಿ, ಬಗ್ಗಿ ಬನ್ನಿ ಎಂದು ಅವ್ವ ಹೇಳುತ್ತಿದ್ದಂತೆಯೇ ಅವರ ತಲೆ ರೆಕ್ಕೆಯ ತೊಲೆಗೆ ಬಡಿಯಿತು. ಒಂದು ಕಡೆಯ ಜಮಖಾನ ಜಾರಿ, ಅವರ ಪೇಟವನ್ನೂ ಎಳೆದುಕೊಂಡು ನೆಲಕ್ಕೆ ಬಿತ್ತು.

"ಇದೇನ್ ಗೌಡ್ರೆ ಇದು? ಪೆಂಡಾಲಾ?"

ಅವ್ವ ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಮುಖ ಅರಳಿಬಿಟ್ಟಿತು.

"ಇಮಾನದ ರೆಕ್ಕೆ ಸಾ. ಎಡಗಡೆದು. ನಾನೇ ಮಾಡಿವ್ನಿ."

ಅಲ್ಲಿಂದ ಒಂದು ಗಂಟೆ ಅಪ್ಪ ಮಾತಾಡಿದ. ಗಾಳಿ ಹೇಗೆ ಎತ್ತುತ್ತದೆ, ಮೇಲ್ಭಾಗ ಯಾಕೆ ಉಬ್ಬಿರಬೇಕು, ಬಾಲ ಯಾಕೆ ಬೇಕು. ಒಂದು ಹಾಳೆ ಹರಿದು ತುಟಿಗೆ ಹಿಡಿದು ಊದಿ ತೋರಿಸಿದ. ಕಾಫಿ ಆರಿತು. ಒಳಗೆ ಅಕ್ಕ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆಯಡಿಕೆ ಇಟ್ಟುಕೊಂಡು ನಿಂತೇ ಇದ್ದಳು. ಹುಡುಗ ಮಾತ್ರ ಎದ್ದು ರೆಕ್ಕೆಯ ಕೆಳಗೆ ಬಗ್ಗಿ, ಪಕ್ಕೆಲುಬುಗಳನ್ನು ಎಣಿಸಿ, ಎಂಜಿನ್ನು ಎಲ್ಲಿಂದ ತರ್ತೀರಿ ಎಂದು ಕೇಳಿದ. ಅಪ್ಪನಿಗೆ ಇನ್ನೂ ಹುಮ್ಮಸ್ಸು ಬಂತು. ದೊಡ್ಡಪ್ಪ ತಮ್ಮ ಪೇಟದ ಧೂಳು ಕೊಡವುತ್ತ ಕೂತಿದ್ದರು. ಅಕ್ಕ ಕೊನೆಗೂ ಹೊರಗೆ ಬಂದು ತಟ್ಟೆ ಇಟ್ಟಾಗ ಅವರು ಅವಳನ್ನು ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದರು.

ನಾಲ್ಕು ದಿನಕ್ಕೆ ಸಂಬಂಧ ತಂದವರು ಬಂದು ಜಗುಲಿಯಲ್ಲೇ ನಿಂತು ಹೇಳಿಹೋದರು. ಹೆಣ್ಣು ಒಪ್ಪಿಗೆಯಂತೆ, ಆದರೆ ಮನೆತನದಲ್ಲಿ ಮಂಡೆ ಕೆಟ್ಟವರಿರುವಂತಿದೆ, ಮುಂದೆ ಹುಟ್ಟುವ ಮಕ್ಕಳ ಗತಿಯೇನು ಎಂದರಂತೆ. ಅವ್ವ ಆವತ್ತು ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಊಟಕ್ಕೆ ಬಡಿಸುತ್ತ ಅಪ್ಪನಿಗೆ ಇಷ್ಟೇ ಹೇಳಿದಳು:

"ನಿಮ್ಗೆ ಎಲ್ಡು ಎಣ್ಮಕ್ಳು ಅವೆ ಅಂತ ಒಂದ್ ದಿನಾನಾದ್ರೂ ಗ್ಯಾನ ಇತ್ತಾ?"

ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಆ ಹುಡ್ಗ ಚೆನ್ನಾಗ್ ಕೇಳ್ದ ಕಣೆ, ಅರ್ಥ ಮಾಡ್ಕಂಡು ಕೇಳ್ದ" ಎಂದ. ಅಕ್ಕ ಎದ್ದುಹೋದಳು. ಮಾರನೇ ದಿನದಿಂದ ಅವಳು ಊಟಕ್ಕೆ ಕೂತಾಗ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದಳು.

ಅಕ್ಕನಿಗಾಗಿ ಮಾಡಿದೆ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಸಂಬಂಧ ಮುರಿದ ಸುದ್ದಿ ಸ್ಕೂಲಿಗೆ ಮುಟ್ಟಿ, ಹುಡುಗಿಯರು ನನ್ನನ್ನು ನೋಡಿ ಪಿಸುಗುಟ್ಟಿದ್ದು ನನಗೆ ಅಕ್ಕನ ದುಃಖಕ್ಕಿಂತ ಹೆಚ್ಚು ಚುಚ್ಚಿತ್ತು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ. ದೊಡ್ಡವರು ಅಂಗಡಿಯ ಮುಂದೆ ಪೇಪರು ಓದುವಾಗಲೂ ದನಿ ತಗ್ಗಿಸುತ್ತಿದ್ದರು. ಯಾರೋ ಬರೆದ ಹೆಸರಿಲ್ಲದ ಅರ್ಜಿಯಿಂದ ಯಾರನ್ನೋ ಕರೆದುಕೊಂಡು ಹೋದರೆಂಬ ಮಾತು ನನ್ನ ಕಿವಿಗೂ ಬಿದ್ದಿತ್ತು. ಒಂದು ಭಾನುವಾರ ಮಧ್ಯಾಹ್ನ, ಅವ್ವ ಅಕ್ಕ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಾಗ, ನಾನು ನೋಟುಪುಸ್ತಕದ ನಡುವಿನ ಹಾಳೆ ಕಿತ್ತು, ಎಡಗೈಯಲ್ಲಿ ಪೆನ್ನು ಹಿಡಿದು ಪೊಲೀಸರಿಗೆ ಬರೆದೆ. ಕ್ರಾಫ್ಟ್ ಮೇಷ್ಟ್ರು ಚಿಕ್ಕೇಗೌಡರು ಮನೆಯಲ್ಲಿ ಗುಟ್ಟಾಗಿ ವಿಮಾನ ಕಟ್ಟುತ್ತಿದ್ದಾರೆ. ಒಂದು ರೆಕ್ಕೆ ಮುಗಿದಿದೆ, ಇನ್ನೊಂದರ ಪಕ್ಕೆಲುಬುಗಳು ಅಟ್ಟದ ಮೇಲಿವೆ. ಇಲ್ಲಿಗೆ ನಿಲ್ಲಿಸಿ, ಒಮ್ಮೆ ಓದಿಕೊಂಡೆ. ಆಮೇಲೆ ಇನ್ನೂ ಎರಡು ಸಾಲು ಸೇರಿಸಿದೆ. ಅವರ ಮನೆಗೆ ಗುರುತಿಲ್ಲದ ಜನ ಬಂದು ಹೋಗುತ್ತಾರೆ. ಅವರೆಲ್ಲ ಸೇರಿ ಸರ್ಕಾರವನ್ನು ಬೈಯುತ್ತಾರೆ.

ನಮ್ಮ ಮನೆಗೆ ಗುರುತಿಲ್ಲದವರು ಯಾರೂ ಬರುತ್ತಿರಲಿಲ್ಲ. ಅಪ್ಪ ಸರ್ಕಾರವನ್ನಿರಲಿ, ತನ್ನ ಹೆಬ್ಬೆರಳಿಗೆ ಸುತ್ತಿಗೆ ಬಿದ್ದಾಗಲೂ ಸುತ್ತಿಗೆಯನ್ನು ಬೈದವನಲ್ಲ.

ಮಳವಳ್ಳಿಯಲ್ಲಿ ಹಾಕಿದರೆ ಗೊತ್ತಾಗುತ್ತದೆಂದು ಆ ಕಾಗದವನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು, ಮದ್ದೂರಿನ ಚಿಕ್ಕವ್ವನ ಮನೆಗೆ ಅಕ್ಕನ ಜೊತೆ ಹೋದಾಗ, ಬಸ್ ಸ್ಟ್ಯಾಂಡಿನ ಅಂಚೆಡಬ್ಬಕ್ಕೆ ಹಾಕಿದೆ. ಅಕ್ಕ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಸೌತೆಕಾಯಿ ಕೊಳ್ಳುತ್ತಿದ್ದಳು. ಚಿಕ್ಕವ್ವ ಆವತ್ತು ಒಬ್ಬಟ್ಟು ಮಾಡಿದ್ದಳು. ಮೂರು ತಿಂದೆ.

ಎರಡು ವಾರ ಏನೂ ಆಗಲಿಲ್ಲ. ಕಾಗದ ಕಳೆದುಹೋಗಿರಬೇಕೆಂದು ನಾನು ನಂಬತೊಡಗಿದ್ದೆ, ಒಳಗೊಳಗೇ ದೇವರಿಗೆ ಕೈಮುಗಿದೂ ಇದ್ದೆ. ಆಮೇಲೆ ಒಂದು ಬೆಳಿಗ್ಗೆ, ಅಪ್ಪ ಸ್ಕೂಲಿಗೆ ಹೊರಡುವ ಹೊತ್ತಿಗೆ, ಸಬ್‌ಇನ್ಸ್‌ಪೆಕ್ಟರು ಮೂರು ಜನ ಪೇದೆಗಳೊಂದಿಗೆ ಬಂದರು. ಬಗ್ಗಿ ಒಳಗೆ ಬಂದು, ರೆಕ್ಕೆಯ ಸುತ್ತ ಎರಡು ಸಲ ತಿರುಗಿದರು. ನಕ್ಷೆ ತೆಗೆಸಿದರು. ಅಟ್ಟ ಹತ್ತಿಸಿದರು. ಇದನ್ನು ಸ್ಟೇಷನ್ನಿಗೆ ಸಾಗಿಸಬೇಕು ಎಂದರು. ಅಷ್ಟು ಹೊತ್ತಿಗೆ ಬೀದಿ ತುಂಬ ಜನ. ಮನೆಯೊಳಗೇ ಕಟ್ಟಿದ್ದಾನಲ್ಲ, ಅದು ಹೊರಗೆ ಹೇಗೆ ಬಂದೀತು, ಗೋಡೆ ಒಡೆಯಬೇಕು ಎಂದು ನಗುತ್ತಿದ್ದರು. ಅದು ಊರಿನ ಹಳೆಯ ಗೇಲಿ, ನಾನೂ ನಂಬಿದ್ದ ಗೇಲಿ. ಒಬ್ಬ ಪೇದೆ ಗರಗಸ ಇದೆಯಾ ಎಂದು ಕೇಳಿದ.

"ಗರಗಸ ಬ್ಯಾಡಿ ಸಾ," ಎಂದ ಅಪ್ಪ. "ಬತ್ತದೆ. ಅಳತೆ ಮಾಡೇ ಕಟ್ಟಿವ್ನಿ."

ಅವನೇ ಹಗ್ಗ ಬಿಚ್ಚಿದ. ಪೇದೆಗಳಿಗೆ ಎಲ್ಲೆಲ್ಲಿ ಹಿಡಿಯಬೇಕೆಂದು ತೋರಿಸಿದ. ಬಟ್ಟೆಯ ಮೇಲೆ ಕೈ ಇಡಬೇಡಿ, ತೊಲೆ ಹಿಡಿಯಿರಿ ಎಂದ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಬುಡ ಮುಂದು ಮಾಡಿ, ಸ್ವಲ್ಪ ಎಡಕ್ಕೆ ವಾಲಿಸಿ, ಹೊಸ್ತಿಲು ದಾಟಿಸಿ, ಜಗುಲಿಯ ಎರಡು ಕಂಬಗಳ ನಡುವೆ ನುಸುಳಿಸಿದ. ಕಂಬಕ್ಕೂ ರೆಕ್ಕೆಗೂ ಒಂದು ಬೆರಳು ಜಾಗ ಉಳಿದಿತ್ತು. ಎಲ್ಲೂ ತಾಗಲಿಲ್ಲ. ನಗುತ್ತಿದ್ದ ಜನ ಹಿಂದೆ ಸರಿದು ದಾರಿ ಬಿಟ್ಟರು.

ಅದನ್ನು ನಾನು ಬಿಸಿಲಿನಲ್ಲಿ ನೋಡಿದ್ದು ಅದೇ ಮೊದಲು. ಮನೆಯ ಕತ್ತಲಲ್ಲಿ ಹೊಗೆ ಹಿಡಿದ ಹಳದಿ ಬಟ್ಟೆಯಂತೆ ಕಾಣುತ್ತಿದ್ದದ್ದು ಹೊರಗೆ ಬೆಳ್ಳಗೆ ಹೊಳೆಯಿತು. ಬೆಳಕು ಬಟ್ಟೆ ದಾಟಿ, ಒಳಗಿನ ಪಕ್ಕೆಲುಬುಗಳೆಲ್ಲ ಒಂದಾದ ಮೇಲೊಂದು ಸಾಲಾಗಿ ಕಂಡವು, ಅವ್ವನ ಹೊಲಿಗೆ ಎಳೆಎಳೆಯಾಗಿ ಕಂಡಿತು. ಬೀದಿಯ ಗಾಳಿಗೆ ಅದು ಸ್ವಲ್ಪ ಮೇಲೆದ್ದಿತು. ಹಿಡಿದಿದ್ದ ಪೇದೆಯೊಬ್ಬ, "ಅಯ್ಯೋ, ಎಳೀತದೆ ಸಾ, ಇದು!" ಎಂದು ಕೂಗಿದ. ಅಪ್ಪ ಅವನ ಕಡೆ ತಿರುಗಿ, ಆ ಹೊತ್ತಿನಲ್ಲೂ, ಮುಖ ಅರಳಿಸಿ ನಕ್ಕ. ಅವ್ವ ಹೊಸ್ತಿಲಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಎತ್ತಿನ ಗಾಡಿಯ ಮೇಲೆ ರೆಕ್ಕೆ ಏರಿಸಿದರು. ಅದು ಬಟ್ಟೆ ಹರಿಯದಂತೆ ಹೋಗಲೆಂದು ಅಪ್ಪ ಗಾಡಿಯ ಹಿಂದೆ ಅದರ ತುದಿ ಹಿಡಿದುಕೊಂಡು ಸ್ಟೇಷನ್ನಿನವರೆಗೂ ನಡೆದುಹೋದ. ಬೀದಿಯ ಜನಕ್ಕೆ ಅದು ಮೆರವಣಿಗೆಯಂತೆ ಕಂಡಿರಬೇಕು.

ಮಧ್ಯಾಹ್ನ ಅವ್ವ ಬುತ್ತಿ ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಹೋದಳು. ಅಪ್ಪ ಒಂದು ಬೆಂಚಿನ ಮೇಲೆ ಕೂತಿದ್ದ. ಸಬ್‌ಇನ್ಸ್‌ಪೆಕ್ಟರು ಕೆಟ್ಟವರಾಗಿರಲಿಲ್ಲ. ಹೊಡೆಯಲಿಲ್ಲ, ಗದರಲಿಲ್ಲ. ಅವರ ಮೇಜಿನ ಮೇಲೆ ನನ್ನ ನೋಟುಪುಸ್ತಕದ ಹಾಳೆ ಬಿದ್ದಿತ್ತು. ಅದನ್ನು ನೋಡಿದ ಕೂಡಲೇ ಅವ್ವನ ಸೆರಗು ಹಿಡಿದುಕೊಂಡೆ.

"ಗುರುತಿಲ್ಲದ ಜನ ಬರ್ತಾರೆ ಅಂತ ಬರೆದವ್ರೆ ಮೇಷ್ಟ್ರೆ. ಅದಕ್ಕೇ ನಾವು ಬರಬೇಕಾಯ್ತು. ಯಾರು ಅವ್ರು?"

"ಯಾರೂ ಇಲ್ಲ ಸಾ."

"ನಿಮ್ಗೆ ಆಗ್ದೋರು ಯಾರಾದ್ರೂ ಇದ್ದಾರಾ? ಈ ಅಕ್ಷರ ಯಾರ್ದು ಅಂತ ನೋಡಿ ಹೇಳಿ."

ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ. ಮರದ ಮೇಲೆ ಗೆರೆ ಹುಡುಕುವವನಂತೆ ಸಾಲಿನ ಕೆಳಗೆ ಬೆರಳು ಸರಿಸುತ್ತ ಹೋದ. ಎರಡನೇ ಸಾಲಿನ ಕೊನೆಯಲ್ಲಿ, ಪಕ್ಕೆಲುಬುಗಳು ಎಂಬ ಪದದ ಕೆಳಗೆ, ಬೆರಳು ನಿಂತಿತು. ಎಡಗೈಯಲ್ಲಿ ಬರೆದರೆ ಅಕ್ಷರ ಮಾತ್ರ ಬೇರೆಯಾಗುತ್ತದೆ, ಪದ ನಮ್ಮ ಮನೆಯದೇ ಆಗಿ ಉಳಿಯುತ್ತದೆ ಎಂದು ನನಗೆ ಹೊಳೆದದ್ದು ಆಗ. ಅವನು ಮುಂದಿನದನ್ನೂ ಪೂರ್ತಿ ಓದಿ, ಹಾಳೆಯನ್ನು ಮಗುಚಿ ಮೇಜಿನ ಮೇಲಿಟ್ಟ.

"ಗೊತ್ತಾಗ್ನಿಲ್ಲ ಸಾ."

ಆಮೇಲೆ ನನ್ನ ಕಡೆ ತಿರುಗಿದ. ನಾನು ನೆಲ ನೋಡುತ್ತಿದ್ದೆ.

"ನೀನ್ ಉಂಡ್ಯಾ ಮಗ?"

ಹೂಂ ಎಂದೆ. ಉಂಡಿರಲಿಲ್ಲ.

ವಿಚಾರಣೆಗೆಂದು ಅವನನ್ನು ಮಾರನೇ ದಿನ ಮಂಡ್ಯಕ್ಕೆ ಕರೆದುಕೊಂಡು ಹೋದರು. ಫಾರಂನ ವಿಜ್ಞಾನಿ ಬಂದು, ನಕ್ಷೆ ತಾವು ಕೊಟ್ಟದ್ದು, ಇದೊಂದು ಹವ್ಯಾಸ, ಹೊರದೇಶದಲ್ಲಿ ಎಷ್ಟೋ ಜನ ಮಾಡುತ್ತಾರೆ ಎಂದು ಬರೆದುಕೊಟ್ಟ ಮೇಲೆ ನಾಲ್ಕನೇ ದಿನ ಬಿಟ್ಟರು. ಇನ್ನು ಮುಂದೆ ಇಂಥದ್ದು ಮಾಡುವುದಿಲ್ಲವೆಂದು ಅಪ್ಪನಿಂದಲೂ ಬರೆಸಿಕೊಂಡರು. ಅವನು ಬೆಳೆದ ಗಡ್ಡದೊಂದಿಗೆ ಬಸ್ಸಿಳಿದು ಬಂದು, ಸ್ನಾನ ಮಾಡಿ, ಉಂಡು, ಮರುದಿನ ಸ್ಕೂಲಿಗೆ ಹೋದ. ಸ್ಕೂಲಿನಲ್ಲಿ ಆಮೇಲೆ ಯಾರೂ ನನ್ನನ್ನು ರೆಕ್ಕೆ ಎನ್ನಲಿಲ್ಲ. ಲೆಕ್ಕದ ಮೇಷ್ಟ್ರು ನನ್ನನ್ನು ಪ್ರಶ್ನೆ ಕೇಳುವುದನ್ನೇ ಬಿಟ್ಟರು. ನನಗೆ ಬೇಕಾದದ್ದು ಸಿಕ್ಕಿತ್ತು.

ರೆಕ್ಕೆ ಸ್ಟೇಷನ್ನಿನ ಹಿಂದಿನ ಬಯಲಲ್ಲಿ ಬೇವಿನ ಮರಕ್ಕೆ ಒರಗಿಕೊಂಡಿತ್ತು. ವಾಪಸ್ಸು ತೆಗೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದರೂ ಅಪ್ಪ ಹೋಗಲಿಲ್ಲ. ಆ ಮಳೆಗಾಲದಲ್ಲಿ ಬಟ್ಟೆ ಜೋತುಬಿದ್ದು, ಅಂಟು ಬಿಟ್ಟು, ಒಂದೊಂದೇ ಪಟ್ಟಿ ಉದುರಿತು. ಬಲರೆಕ್ಕೆಗೆಂದು ಮಾಡಿಟ್ಟಿದ್ದ ಪಕ್ಕೆಲುಬುಗಳು ಮಾತ್ರ ನಮ್ಮ ಅಟ್ಟದ ಮೇಲಿದ್ದವು, ಹನ್ನೊಂದು. ಚಳಿ ಶುರುವಾದಾಗ ಅಪ್ಪ ದಿನಕ್ಕೊಂದರಂತೆ ಅವನ್ನು ಇಳಿಸಿ, ಮೊಣಕಾಲಿಗೆ ಕೊಟ್ಟು ಮುರಿದು, ಬಚ್ಚಲಿನ ಹಂಡೆಯ ಒಲೆಗೆ ಹಾಕಿದ. ಒಣಗಿದ ಹಗುರ ಮರ, ಚೆನ್ನಾಗಿ ಉರಿಯುತ್ತಿತ್ತು. ಹನ್ನೊಂದು ದಿನ ನಮಗೆಲ್ಲ ಕುದಿಯುವ ನೀರು. "ಬ್ಯಾಡ ಅಪ್ಪ" ಎನ್ನಲು ಪ್ರತಿದಿನ ಬೆಳಿಗ್ಗೆ ಬಚ್ಚಲಿನ ಬಾಗಿಲವರೆಗೂ ಹೋಗುತ್ತಿದ್ದೆ. "ನೀರ್ ಕಾದದೆ ಮಗ, ಉಯ್ಕೊ ಬಾ" ಎನ್ನುತ್ತಿದ್ದ. ಉಯ್ದುಕೊಳ್ಳುತ್ತಿದ್ದೆ.

ಮುಂದಿನ ವರ್ಷ ಅವನಿಗೆ ಮಂಡ್ಯದ ಹತ್ತಿರಕ್ಕೆ ವರ್ಗವಾಯಿತು. ಅಕ್ಕನಿಗೆ ಪಾಂಡವಪುರದ ಕಡೆಯ ಒಳ್ಳೆಯ ಮನೆ ಸಿಕ್ಕಿತು. ನಾನು ಓದಿದೆ, ಕೆಲಸ ಹಿಡಿದೆ. ಅಪ್ಪ ಕಿಟಕಿ, ಬಾಗಿಲು, ಮೊಮ್ಮಕ್ಕಳಿಗೆ ಮಣೆ ಮಾಡಿದ. ಆಕಾಶದಲ್ಲಿ ಸದ್ದು ಕೇಳಿದರೆ ತಲೆಯೆತ್ತುತ್ತಿರಲಿಲ್ಲ. ಹೇಳಿಬಿಡಬೇಕೆಂದು ಎಷ್ಟೋ ಸಲ ಅವನೆದುರು ಕೂತಿದ್ದೇನೆ. ಅವನು ಆಗೆಲ್ಲ ಬೇರೆ ಮಾತು ತೆಗೆಯುತ್ತಿದ್ದ, ಮಕ್ಕಳ ಶಾಲೆ, ನನ್ನ ಆಫೀಸು, ಮಳೆ. ನಾನು ಹೇಳದೆ ಉಳಿಯಲೆಂದೇ ಹಾಗೆ ಮಾಡುತ್ತಿದ್ದನೆಂದು ಈಗ ಅನ್ನಿಸುತ್ತದೆ. ಹೇಳದೆಯೇ ಅವನನ್ನು ಕಳಿಸಿಕೊಟ್ಟೆ.

ಅವನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೇ ದಿನ, ಮಂಡ್ಯದ ಮನೆಯ ಹಿತ್ತಲ ಜಗುಲಿಯಲ್ಲಿ ಅವ್ವ, ಅಕ್ಕ, ನಾನು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದೆವು. ಮೂವರೇ ಇದ್ದೆವು.

"ಅವ್ವ, ಆವತ್ತು ಆ ಅರ್ಜಿ ಬರೆದೋಳು ನಾನು," ಎಂದೆ.

ಅವ್ವನ ಕೈ ನಿಲ್ಲಲಿಲ್ಲ. ಒಂದು ಕಾಳು ಹಿತುಕಿ ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಮಡಿಲಿಗೆ ಉದುರಿಸಿದಳು.

"ಗೊತ್ತು ಕಣಮ್ಮಿ. ನಿಮ್ಮಪ್ಪ ಮಂಡ್ಯದಿಂದ ಬಂದ ದಿನ್ವೇ ಏಳುದ್ರು. ಮಗೀಗೆ ಗೊತ್ತಾಗದು ಬ್ಯಾಡ, ಕೊರಗ್ತದೆ ಅಂತ ನನ್ ಕೈಲಿ ಆಣೆ ಇಕ್ಕುಸ್ಕಂಡ್ರು."

ಅಕ್ಕ ತಲೆಯೆತ್ತದೆ, "ನಂಗೂ ಗೊತ್ತು," ಎಂದಳು.

ಅಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೆ ಎಂದುಕೊಂಡದ್ದನ್ನು ಆ ಮನೆಯವರೆಲ್ಲ ನನ್ನಿಂದ ಬಚ್ಚಿಟ್ಟಿದ್ದರು. ಅವರು ಬಡಿಸಿದ ಒಂದೊಂದು ತುತ್ತೂ, ಹಾಕಿದ ಒಂದೊಂದು ಜಡೆಯೂ, ಗೊತ್ತಿದ್ದೇ ಮಾಡಿದ್ದು. ನನಗೆ ಅಳು ಬರಲಿಲ್ಲ. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಇಮಾನದ ಇಸ್ಯ ಬರುದ್ಲು, ಸರಿ, ಅವ್ಳಿಗ್ ನಾಚ್ಕೆ ಆಗಿತ್ತು, ಅದು ನನ್ ತಪ್ಪು ಅಂದ್ರು," ಅವ್ವ ಹೇಳಿದಳು. "ಇನ್ನೊಂದ್ ಮಾತ್ಗೆ ಮಾತ್ರ ಬಾಳ ನೊಂದ್ಕಂಡ್ರು. ಯಾರೋ ಬತ್ತಾರೆ, ಸರ್ಕಾರ ಬೈತಾರೆ ಅಂತ ಯಾಕ್ ಬರುದ್ಲು, ನಾನ್ ಯಾವತ್ ಬೈದಿದ್ದೆ ಅಂತ. ಸಾಯ ಗಂಟ್ಲೂ ಅದೊಂದ್ ಅವ್ರಿಗೆ ಅರ್ಥ ಆಗ್ನಿಲ್ಲ. ಯಾಕ್ ಬರುದ್ಯಮ್ಮಿ ಅಂಗೆ?"

ಸುಳ್ಳು ಹೇಳಬಹುದಿತ್ತು. ಚಿಕ್ಕವಳಿದ್ದೆ, ತಿಳಿಯಲಿಲ್ಲ ಎನ್ನಬಹುದಿತ್ತು.

"ಬರೀ ವಿಮಾನ ಅಂತ ಬರೆದ್ರೆ ಅವರೂ ನಕ್ಬುಟ್ಟು ಸುಮ್ನಾಯ್ತಾರೆ, ಯಾರೂ ಬರಕಿಲ್ಲ ಅನ್ನಿಸ್ತು ಅವ್ವ," ಎಂದೆ.

ಅವ್ವನ ಕೈ ಆಗ ನಿಂತಿತು. ಮೊದಲ ಸಲ ನೋಡುವವಳಂತೆ ನನ್ನ ಮುಖವನ್ನು ನೋಡಿದಳು.

"ಅಷ್ಟು ಬುದ್ಧಿ ಇತ್ತಾ ನಿಂಗೆ ಆವಾಗ್ಲೇ?" ಎಂದಳು. ಮಡಿಲಿನ ಸಿಪ್ಪೆ ಕೊಡವಿ, ಗೋಡೆ ಹಿಡಿದು ಎದ್ದು ಒಳಗೆ ಹೋದಳು.